ದಿಬ್ಬದ ಮೇಲೆ ಒಂದೂವರೆ ತಾಸು

ನಾನು ಪಾಠ ಹೇಳುವ ಶಾಲೆಯ ಗೋಡೆ ಗಡಿಯಾರ ಕೆಟ್ಟು ನಿಲ್ಲದಿದ್ದರೆ ನಾನು ಆ ನೀರಿನ ಮೂಲೆಯನ್ನು ನೋಡುತ್ತಲೇ ಇರಲಿಲ್ಲ. ಗಡಿಯಾರವನ್ನು ಹಳೆಯ ಟವೆಲ್‌ನಲ್ಲಿ ಸುತ್ತಿಕೊಂಡು ನಮ್ಮೂರಿನ ರೋಜಾ ಮೊಹಲ್ಲಾದ ಗಲ್ಲಿಯೊಂದರಲ್ಲಿದ್ದ ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಂಗಡಿಯವರು ಎಪ್ಪತ್ತು ದಾಟಿದ ಹಿರಿಯರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಮೇಜಿನ ಗಾಜಿನ ಕೆಳಗೆ, ಹಳೆಯ ಗಡಿಯಾರಗಳ ಮುಳ್ಳುಗಳ ಪಕ್ಕದಲ್ಲಿ, ತೆಳು ಬೂದುಬಣ್ಣದ ಉದ್ದನೆಯ ಪುಕ್ಕವೊಂದು ಇತ್ತು.

"ಏನು ಕಲಸ್ತಿ ಬೇಟಿ ಸಾಲ್ಯಾಗ?" ಎಂದು ಕೇಳಿದರು.

"ವಿಜ್ಞಾನ ರೀ."

"ಹಂಗಾದ್ರ ಈ ಪುಕ್ಕ ಯಾವ ಹಕ್ಕೀದು, ಹೇಳು ನೋಡೂಣು."

ಪಾರಿವಾಳದ್ದಿರಬೇಕು ಎಂದೆ. ಅವರು ನಗಲಿಲ್ಲ. "ಐತವಾರ ಮಹಾಗಾಂವದ ಕಡಿ ಹೊಂಟೀನಿ. ಬಾ, ಹಕ್ಕೀನೇ ತೋರಸ್ತೀನಿ" ಎಂದರು. ಆ ಭಾನುವಾರದಿಂದ ಅವರು ನನಗೆ ಚಾಚಾ ಆದರು. ನಮ್ಮ ಮನೆಯಲ್ಲಿ ಅತ್ತೆ ಮೊದಮೊದಲು ಮರಾಠಿಯಲ್ಲಿ ಗೊಣಗಿದರು. ಆಮೇಲೆ ಅವರೇ ಚಾಚಾನ ಪಾಲಿನ ಚಪಾತಿಯನ್ನೂ ಡಬ್ಬಿಗೆ ಹಾಕಿಕೊಡತೊಡಗಿದರು.

ಮಹಾಗಾಂವದಲ್ಲಿ ಬಸ್ಸಿಳಿದು, ಟೆಂಪೋ ಹಿಡಿದು, ಮತ್ತೆ ತೊಗರಿ ಹೊಲಗಳ ನಡುವೆ ಬಂಡಿದಾರಿಯಲ್ಲಿ ಅರ್ಧ ತಾಸು ನಡೆದರೆ ಅಣೆಕಟ್ಟಿನ ಹಿನ್ನೀರು ಸಿಗುತ್ತದೆ. ದೊಡ್ಡ ನೀರು ಬಯಲಿನಲ್ಲಿ ಹರಡಿಕೊಂಡಿದೆ. ಅದರ ಒಂದು ತೋಳು ಮಾತ್ರ ಎರಡು ಕರಿಕಲ್ಲಿನ ಗುಡ್ಡಗಳ ಸಂದಿಯಲ್ಲಿ ಒಳನುಗ್ಗಿ, ತಿರುವಿನಾಚೆ ಯಾರಿಗೂ ಕಾಣದಂತೆ ನಿಂತಿದೆ. ಬಯಲಿನ ಗಾಳಿ ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ನೀರಿನ ಮೇಲೆ ಗೆರೆಯೂ ಏಳುವುದಿಲ್ಲ. ಸಮುದ್ರ ನೋಡಿ ಬಂದವರು ಅಲೆಗಳ ಬಗ್ಗೆ ಹೇಳುವಾಗ ನನಗೆ ನೆನಪಾಗುವುದು ಅಲೆಯೇ ಇಲ್ಲದ ಆ ನೀರು.

ಚಳಿಗಾಲದಲ್ಲಿ ಅಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತಿದ್ದವು. ಹಗಲು ಕಡಲೆ ಹೊಲಗಳಲ್ಲಿ ಮೇಯ್ದು ಹೊಟ್ಟೆ ತುಂಬಿಸಿಕೊಂಡು, ಸಂಜೆ ಸಾಲಾಗಿ ಬಂದು ನೀರಿಗೆ ಬೀಳುತ್ತಿದ್ದವು. ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಗಳು ಮೊಣಕಾಲು ನೀರಿನಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ, ಅಂಗಳ ಗುಡಿಸುವವರ ಹಾಗೆ ನಡೆಯುತ್ತಿದ್ದವು. ಒಣಗಿದ ಜಾಲಿಯ ಟೊಂಗೆಯ ಮೇಲೆ ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಕಲ್ಲು ಬಿದ್ದಂತೆ ನೇರ ಕೆಳಗೆ ಬೀಳುತ್ತಿತ್ತು. ಒಮ್ಮೆ ಮಂಜಿನ ಮುಂಜಾನೆ ಎರಡು ನೀರುನಾಯಿಗಳು ಮೀನು ಹಿಡಿದು ಬಂಡೆಯ ಮೇಲೆ ಕೂತು ತಿನ್ನುವುದನ್ನು ಕಂಡೆವು. ಚಾಚಾ ಹದಿನೈದು ನಿಮಿಷ ಕೆಮ್ಮು ತಡೆದುಕೊಂಡಿದ್ದರು.

ಆದರೆ ಚಾಚಾ ನಿಜವಾಗಿ ಕಾಯುತ್ತಿದ್ದದ್ದು ಬೇಸಿಗೆಗೆ. ಹೋಳಿಯ ಹೊತ್ತಿಗೆ ನೀರು ಇಳಿದು ತೋಳಿನ ನಡುವೆ ಉಸುಕು ಮತ್ತು ಗರಸಿನ ದಿಬ್ಬವೊಂದು ತಲೆಯೆತ್ತುತ್ತಿತ್ತು. ಅದರ ಮೇಲೆ ರೀವಗಳು ಮೊಟ್ಟೆಯಿಡುತ್ತಿದ್ದವು. ಕಪ್ಪು ಟೊಪ್ಪಿಗೆ, ಹಳದಿ ಕೊಕ್ಕು, ಕತ್ತರಿಯಂಥ ಬಾಲದ ಹಕ್ಕಿಗಳು. ಮೇಜಿನ ಗಾಜಿನ ಕೆಳಗಿದ್ದ ಪುಕ್ಕ ಅವುಗಳದ್ದೇ. ಗೂಡು ಎಂದರೆ ನೆಲದಲ್ಲಿ ಕೆದರಿದ ಒಂದು ಕುಳಿ, ಅಷ್ಟೆ. ನಮ್ಮ ಊರಿನ ಬಿಸಿಲಲ್ಲಿ ಆ ಮೊಟ್ಟೆಗಳು ಉಳಿಯುವುದು ತಾಯಿ ತಂದೆ ಸರದಿಯ ಮೇಲೆ ಅವುಗಳ ಮೇಲೆ ನೆರಳಾಗಿ ನಿಲ್ಲುವುದರಿಂದ. ಸರದಿ ಬದಲಾಯಿಸುವ ಮೊದಲು ಹಕ್ಕಿ ನೀರಿಗೆ ಎದೆ ತಾಗಿಸಿ ತೋಯಿಸಿಕೊಂಡು ಬಂದು ಕೂರುತ್ತಿತ್ತು. ಇದನ್ನೆಲ್ಲ ಚಾಚಾ ದಂಡೆಯ ಮೇಲೆ ದುರ್ಬೀನು ಹಿಡಿದು ಕೂತು ಮೂವತ್ತು ವರ್ಷದಿಂದ ನೋಡುತ್ತ ಬಂದಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ವರ್ಷವರ್ಷದ ಗೂಡಿನ ಲೆಕ್ಕ ಉರ್ದುವಿನಲ್ಲಿ ಬರೆದಿಟ್ಟಿದ್ದರು. ಒಮ್ಮೆಯೂ ದಿಬ್ಬಕ್ಕೆ ಕಾಲಿಟ್ಟವರಲ್ಲ.

ದಂಡೆಯ ಬೇವಿನ ಮರದ ಕೆಳಗೆ ಒಂದು ತಗಡಿನ ಗುಡಿಸಲು. ಅಲ್ಲಿ ಅಂಬಿಗರ ಹೆಂಗಸೊಬ್ಬಳು ಒಬ್ಬಳೇ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅಕ್ಕಾ ಎನ್ನುತ್ತಿದ್ದೆ. ಅವಳ ಹತ್ತಿರ ಒಂದು ತೆಪ್ಪ, ನಾಲ್ಕಾರು ಬಲೆ, ಒಂದು ಕಂದು ಹೆಣ್ಣುನಾಯಿ ಇದ್ದವು. ಬಲೆಯನ್ನು ಅವಳೇ ಹೆಣೆಯುತ್ತಿದ್ದಳು. ಚಾಚಾ ಹೇಳಿದ್ದರಿಂದ, ರೀವಗಳು ಮೊಟ್ಟೆಯಿಟ್ಟಿರುವ ಎರಡು ತಿಂಗಳು ಆ ನಾಯಿಯನ್ನು ಹಗಲೂ ರಾತ್ರಿ ಕಟ್ಟಿಯೇ ಇಡುತ್ತಿದ್ದಳು. ತೆಪ್ಪವನ್ನೂ ದಿಬ್ಬದಿಂದ ದೂರ ಸುತ್ತಿಸಿ ಒಯ್ಯುತ್ತಿದ್ದಳು. "ಬಿಳಿ ಹಕ್ಕಿ ಕುಂತಾವ್ರಿ, ಬಾಣಂತ್ಯಾರು" ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಚಾಚಾಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಿಸಿಲಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ್ದರು. ಚಾಚಾ ದುರ್ಬೀನನ್ನೂ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟು, "ಈ ಸಲ ನೀ ಎಣಿಸಿಕೊಂಡು ಬಾ ಬೇಟಿ. ದಂಡಿ ಮ್ಯಾಲಿಂದ ಬಸ್. ದಿಬ್ಬಕ್ಕ ಮಾತ್ರ ಹೋಗಬ್ಯಾಡ" ಎಂದರು. ಹೋಗುವುದಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ.

ಒಬ್ಬಳೇ ಹೋದೆ. ಗುಡಿಸಲಿಗೆ ಬೀಗ ಹಾಕಿತ್ತು. ಅಕ್ಕ ಕಮಲಾಪುರಕ್ಕೆ ಮೀನು ಒಯ್ದಿರಬೇಕು. ನಾಯಿಯನ್ನು ಬೇವಿಗೆ ಕಟ್ಟಿತ್ತು, ಬೋಗುಣಿಯಲ್ಲಿ ನೀರಿತ್ತು. ದಂಡೆಯ ಮೇಲೆ ಕೂತು ಎಣಿಸಿದೆ. ಹನ್ನೊಂದು ಹಕ್ಕಿ ಹನ್ನೊಂದು ಕುಳಿಗಳ ಮೇಲೆ ಕೂತಿದ್ದವು. ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಹನ್ನೊಂದು ಎಂದು ಬರೆದೆ. ಹೇಳಿದ ಕೆಲಸ ಅಲ್ಲಿಗೆ ಮುಗಿದಿತ್ತು.

ಆದರೆ ಆ ವರ್ಷ ನೀರು ಬಹಳ ಇಳಿದಿತ್ತು. ದಿಬ್ಬಕ್ಕೆ ಮೊಣಕಾಲು ಮಟ್ಟದಲ್ಲಿ ನಡೆದೇ ಹೋಗಬಹುದಿತ್ತು. ಇಪ್ಪತ್ತು ವರ್ಷ ಮಕ್ಕಳಿಗೆ ಮೊಟ್ಟೆಯೊಳಗಿನ ಮರಿಯ ಚಿತ್ರ ಬರೆಸಿದವಳು ನಾನು. ಒಂದು ಮೊಟ್ಟೆ ಒಡೆಯುವುದನ್ನು ಕಣ್ಣಾರೆ ಕಂಡಿರಲಿಲ್ಲ. ಇದು ನಾನು ಆಮೇಲೆ ನನಗೇ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು. ಮೂವತ್ತು ವರ್ಷದಲ್ಲಿ ಚಾಚಾಗೆ ಸಿಗದ ಫೋಟೋ ಒಂದನ್ನು ಅವರ ಮುಂದೆ ಹಿಡಿಯಬೇಕು, ಅವರು ಅರೆರೆ ಎನ್ನಬೇಕು ಎಂಬ ಆಸೆ.

ಸೀರೆ ಎತ್ತಿಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಛತ್ರಿ ಬಿಚ್ಚಿಕೊಂಡು ನೀರಿಗಿಳಿದೆ. ಹಕ್ಕಿಗಳು ಒಟ್ಟಿಗೆ ಎದ್ದವು. ಕಿರುಚುತ್ತ ನನ್ನ ತಲೆಯ ಮೇಲೆ ಎರಗಿದವು. ಒಂದು ಛತ್ರಿಗೆ ಬಡಿದು ಹಿಂದಿರುಗಿತು. ನಾನು ದಿಬ್ಬ ಹತ್ತಿ ಮೊದಲ ಕುಳಿಯ ಪಕ್ಕ ಕೂತೆ. ಗರಸಿನದೇ ಬಣ್ಣದ, ಕಂದು ಚುಕ್ಕೆಯ ಮೂರು ಮೊಟ್ಟೆ. ಒಂದರಲ್ಲಿ ನಕ್ಷತ್ರದಂತೆ ಬಿರುಕು ಬಿಟ್ಟಿತ್ತು. ಬಿರುಕಿನೊಳಗೆ ಸಾಸಿವೆ ಕಾಳಿನ ಗಾತ್ರದ ಬೆಳ್ಳನೆಯ ಕೊಕ್ಕಿನ ತುದಿ ಅಲ್ಲಾಡುತ್ತಿತ್ತು.

ಐದು ನಿಮಿಷ ಎಂದುಕೊಂಡೆ. ಕೊಕ್ಕು ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಪ್ರತಿ ಸಲ ಅಲ್ಲಾಡಿದಾಗಲೂ ಫೋನಿನಲ್ಲಿ ಫೋಟೋ ತೆಗೆದು, ಇನ್ನು ಐದು ನಿಮಿಷ ಎಂದುಕೊಂಡೆ. ಮೇಲೆ ಹಕ್ಕಿಗಳು ಸುತ್ತುತ್ತಲೇ ಇದ್ದವು, ಕೂಗು ಕಿವಿಗೆ ರೂಢಿಯಾಗಿ ಹೋಯಿತು. ಗರಸು ಕಾದು ಸೀರೆಯ ಮೂಲಕ ಸುಡುತ್ತಿತ್ತು. ನಾನು ಛತ್ರಿಯನ್ನು ನನ್ನ ತಲೆಯ ಮೇಲೆ ಸರಿಯಾಗಿ ಹಿಡಿದುಕೊಂಡೆ. ಕೊನೆಗೆ ಕೊಕ್ಕು ಅಲ್ಲಾಡುವುದು ನಿಂತಿತು. ಮರಿ ಮೊಟ್ಟೆ ಒಡೆಯುವ ನಡುವೆ ಬಹಳ ಹೊತ್ತು ದಣಿವಾರಿಸಿಕೊಳ್ಳುತ್ತದೆ ಎಂದು ಓದಿದ್ದೆ. ದಣಿವಾರಿಸಿಕೊಳ್ಳುತ್ತಿದೆ ಎಂದುಕೊಂಡೇ ಎದ್ದು ಬಂದೆ.

ದಂಡೆಗೆ ಬಂದು ತಿರುಗಿ ನೋಡಿದರೆ ಮೂರೋ ನಾಲ್ಕೋ ಹಕ್ಕಿ ಮಾತ್ರ ಇಳಿದಿದ್ದವು. ಉಳಿದವು ದೂರದ ನೀರಿನ ಮೇಲೆ ಹಾರಾಡುತ್ತಿದ್ದವು. ಬರುತ್ತವೆ ಎಂದುಕೊಂಡೆ.

ಬೇವಿನ ನೆರಳು ಅಷ್ಟರಲ್ಲಿ ಸರಿದು ಹೋಗಿತ್ತು. ನಾಯಿ ಬಿಸಿಲಲ್ಲಿ ನಾಲಿಗೆ ಚಾಚಿ ಕುಂಯ್‌ಗುಡುತ್ತಿತ್ತು. ಹಗ್ಗ ನೆರಳಿನ ತನಕ ಮುಟ್ಟುತ್ತಿರಲಿಲ್ಲ. ಅಲ್ಲೇ ಬಿದ್ದಿದ್ದ ಬಲೆಯ ಹಗ್ಗದ ತುಂಡೊಂದನ್ನು ತಂದು ಜೋಡಿಸಿ, ಉದ್ದ ಮಾಡಿ, ನಾಯಿಯನ್ನು ನೆರಳಿಗೆ ಎಳೆದು ಕೂರಿಸಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲೇ ಬಸ್ಸು ಹತ್ತಿದೆ.

ಮರುದಿನ ಶಾಲೆ ಬಿಟ್ಟ ಮೇಲೆ ದುರ್ಬೀನು ಕೊಡಲು ಅಂಗಡಿಗೆ ಹೋದಾಗ ಚಾಚಾ ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಅಕ್ಕ ಫೋನು ಮಾಡಿದ್ದಳಂತೆ. ನಾಯಿ ಹಗ್ಗ ಬಿಚ್ಚಿಕೊಂಡು ದಿಬ್ಬಕ್ಕೆ ಹೋಗಿ ಮೊಟ್ಟೆ ತಿಂದಿದೆ ಎಂದು ಅತ್ತಳಂತೆ. ಅದೇ ಕ್ಷಣ ನಾನು ಹೇಳಬಹುದಿತ್ತು. "ಎಷ್ಟು ಗೂಡು ಇದ್ದವು?" ಎಂದು ಅವರು ಕೇಳಿದರು. ಹನ್ನೊಂದು ಎಂದೆ. ಅಷ್ಟೇ ಹೇಳಿದೆ.

ಒಂದು ವಾರದ ಮೇಲೆ ಡಾಕ್ಟರ ಮಾತು ಮೀರಿ ಅವರು ಹೊರಟರು. ಜೊತೆಗೆ ನಾನೂ ಹೋದೆ. ಅಕ್ಕ ದಂಡೆಯಲ್ಲಿ ನಿಂತಿದ್ದಳು. ಚಾಚಾ ಅವಳನ್ನು ಬೈದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದನಿ ಏರಿಸಲಿಲ್ಲ.

"ಎರಡು ತಿಂಗಳು ಕಟ್ಟಿಡಾಕ ಆಗಲಿಲ್ಲೇನು? ನಾಯಿ ಇದ್ರ ಇಲ್ಲಿ ಹಕ್ಕಿ ಬರಂಗಿಲ್ಲ."

"ನಾ ಕಟ್ಟೇ ಹೋಗಿದ್ದೆ ಚಾಚಾ."

"ಗಂಟು ತಾನಾಗೇ ಬಿಚ್ಚತದೇನು?"

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ನಾನು ನೀರಿನ ಕಡೆ ನೋಡಿದೆ.

ಇನ್ನು ಹಕ್ಕಿಗಳೇ ಇಲ್ಲವಲ್ಲ ಎಂದು ಅವಳು ತೆಪ್ಪದಲ್ಲಿ ದಿಬ್ಬಕ್ಕೆ ಹೋಗಿ, ಉಳಿದ ಮೊಟ್ಟೆಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬಂದಳು. ನಾಯಿ ಮುಟ್ಟದ ಮೊಟ್ಟೆಗಳು ಎಂಟೊಂಬತ್ತು ಇದ್ದವು. ಒಂದರಲ್ಲಿ ನಕ್ಷತ್ರದ ಬಿರುಕು ಹಾಗೆಯೇ ಇತ್ತು. ಒಳಗಿನದು ಒಣಗಿ ಚಿಪ್ಪಿಗೆ ಅಂಟಿಕೊಂಡಿತ್ತು. ಚಾಚಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಇವನ್ನ ನಾಯಿ ಮುಟ್ಟಿಲ್ಲ. ಇವೂ ಯಾಕ ಸತ್ತವು ಬೇಟಿ? ನೀ ಸೈನ್ಸ್ ಟೀಚರ್, ನೀ ಹೇಳು."

"ನಾಯೀಗಿ ಹೆದರಿ ಹಕ್ಕಿ ವಾಪಸ್ ಬಂದಿರಲಿಕ್ಕಿಲ್ಲ ಚಾಚಾ. ಬಿಸಿಲಿಗಿ ಬೆಂದಾವ" ಎಂದೆ.

ನಾನು ಅಂದ ಮಾತಿನಲ್ಲಿ ಕೊನೆಯ ಭಾಗ ನಿಜವಿತ್ತು. ದಿಬ್ಬದ ಮೇಲೆ ಕೂತದ್ದಕ್ಕಿಂತ, ಸುಮ್ಮನಿದ್ದದ್ದಕ್ಕಿಂತ, ಆ ಮಾತು ಈಗಲೂ ನನ್ನನ್ನು ಹೆಚ್ಚು ಸುಡುತ್ತದೆ. ತರಗತಿಯಲ್ಲಿ ವಿವರಿಸುವ ದನಿಯಲ್ಲೇ ಹೇಳಿದ್ದೆ. ಚಾಚಾ ತಲೆಯಾಡಿಸಿ, ನನ್ನ ಹನ್ನೊಂದರ ಕೆಳಗೆ ಉರ್ದುವಿನಲ್ಲಿ ಒಂದು ಪದ ಬರೆದರು. ಏನೆಂದು ಕೇಳಿದೆ. "ಕುತ್ತಾ, ನಾಯಿ" ಎಂದರು.

ಮಳೆಗಾಲ ಕಳೆದ ಮೇಲೆ ನಾವು ಹೋದಾಗ ಬೇವಿನ ಕೆಳಗೆ ನಾಯಿ ಇರಲಿಲ್ಲ. ಬೇಸಿಗೆಯಲ್ಲಿ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಲು ಬಂದಿದ್ದ ಕುರುಬರಿಗೆ ಕೊಟ್ಟೆನೆಂದು ಅಕ್ಕ ಹೇಳಿದಳು. ಆ ಚಳಿಗಾಲ ಹೆಬ್ಬಾತುಗಳು ಹಿಂದೆಂದಿಗಿಂತ ಹೆಚ್ಚು ಬಂದವು. ಚಾಚಾ ಹೊಸ ಕಣ್ಣಿನಿಂದ ನೋಡಿ ಸಣ್ಣ ಹುಡುಗರಂತೆ ಖುಷಿಪಟ್ಟರು. ನನಗೆ ದುರ್ಬೀನು ಕೊಟ್ಟಾಗ ಗುರಿ ಮಾತ್ರ ಆ ದಿಬ್ಬ ಮುಳುಗಿದ್ದ ಜಾಗಕ್ಕೇ ಹೋಗುತ್ತಿತ್ತು. ಮನೆಯಲ್ಲಿ ಅತ್ತೆ, "ಈಚೆಗೆ ಅಲ್ಲಿಂದ ಬಂದರೆ ಊಟ ಸರಿಯಾಗಿ ಮಾಡುವುದಿಲ್ಲ ನೀನು" ಎಂದು ಮರಾಠಿಯಲ್ಲಿ ಗದರಿದರು. ಫೋನಿನಲ್ಲಿದ್ದ ಫೋಟೋಗಳನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಅಳಿಸಿಯೂ ಇರಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ದಿಬ್ಬದ ನೆತ್ತಿ ನೀರಿನಿಂದ ಮೇಲೆ ಬಂದಿದೆ ಎಂದು ತಿಳಿದಾಗ ತಡೆಯಲಾಗಲಿಲ್ಲ. ಚಾಚಾಗೆ ಹೇಳದೆ ಒಬ್ಬಳೇ ಹೋದೆ. ಅಕ್ಕ ಗುಡಿಸಲ ಮುಂದೆ ಕಾಲು ಚಾಚಿ ಕೂತು ಹರಿದ ಬಲೆ ಹೆಣೆಯುತ್ತಿದ್ದಳು. ನಾನು ಅವಳೆದುರು ನೆಲದ ಮೇಲೆ ಕೂತು, ದಿಬ್ಬಕ್ಕೆ ಹೋದದ್ದು ನಾನು, ಹಗ್ಗ ಜೋಡಿಸಿದ್ದೂ ನಾನು ಎಂದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತದ ಟೀಚರ್."

"ಯಾವಾಗಿಂದ?"

"ಅವತ್ತಿಂದೇ. ಹಗ್ಗದ ತುಂಡು ನಾಯಿ ಕೊಳ್ಳಾಗ ಇತ್ತು, ತುದೀಗಿ ಬಿಚ್ಚಿದ ಗಂಟಿನ ಸುರುಳಿ ಹಂಗೇ ಇತ್ತು. ಬಲೀ ಹೆಣಿಯಾಕಿ ನಾ. ಅದು ನನ್ನ ಗಂಟು ಅಲ್ಲಂತ ತಿಳಿಯಂಗಿಲ್ಲೇನ್ರಿ? ಅವತ್ತು ಬಂದಾಕಿ ನೀವೊಬ್ಬರೇ."

"ಮತ್ತ ಚಾಚಾ ಬೈದಾಗ ಯಾಕ ಸುಮ್ಮನಾದ್ರಿ?"

"ನೀವು ಹೇಳ್ತೀರಿ ಅಂತ ನಿಮ್ಮ ಮಾರಿ ನೋಡಿದೆ. ನೀವು ಆ ಕಡಿ ನೋಡಿದ್ರಿ." ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ನಾ ಹೇಳಿದ್ರ ಜಗಳ ಅಕ್ಕಿತ್ತು. ನೀವು ಓದಿದಾಕಿ, ನಾ ಮೀನ ಮಾರಾಕಿ. ಯಾರ ಮಾತು ನಿಲ್ತಿತ್ತು?"

"ನಾಯೀನರ ಇಟ್ಕೋಬಹುದಿತ್ತಲ್ಲ ಅಕ್ಕಾ."

"ತತ್ತಿ ರುಚಿ ಹತ್ತಿತ್ತ್ರಿ ಅದಕ್ಕ. ಮತ್ತ ಹೋಗ್ತಿತ್ತು. ಹಕ್ಕಿ ಬರಬೇಕಲ್ಲ."

ಕ್ಷಮಿಸಿ ಎಂದೆ. "ಚಾಚಾಗ ಹೇಳ್ರಿ ಮೊದಲ" ಎಂದಳು.

ಅಲ್ಲಿಂದ ನೇರ ರೋಜಾಕ್ಕೆ ಹೋದೆ. ಚಾಚಾ ಯಾರದೋ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ಎಲ್ಲ ಹೇಳಿದೆ. ಎಷ್ಟು ಹೊತ್ತು ಕೂತಿದ್ದೆ ಎಂದು ಕೇಳಿದರು. ಅರ್ಧ ತಾಸು ಎಂದೆ. ಫೋಟೋ ಇವೆಯೇ ಎಂದರು. ಫೋನು ಕೊಟ್ಟೆ. ಭೂತಗನ್ನಡಿಯನ್ನು ತೆಗೆದು ಪಕ್ಕಕ್ಕಿಟ್ಟು, ಒಂದೊಂದೇ ಫೋಟೋವನ್ನು ಬೆರಳಿನಿಂದ ಸರಿಸುತ್ತ ಕೊನೆಯತನಕ ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು.

"ಇದು ಹತ್ತೂವರಿಗಿ ತೆಗದದ್ದು. ಕಡೀದು ಹನ್ನೆರಡಕ್ಕ" ಎಂದರು. "ಅರ್ಧ ತಾಸು ಅಂದ್ರಿ ಟೀಚರ್. ಒಂದೂವರಿ ತಾಸು ಅದ."

ತಪ್ಪೊಪ್ಪಿಕೊಳ್ಳಲು ಹೋದಲ್ಲಿಯೂ ನಾನು ಒಂದು ತಾಸು ಕದ್ದಿದ್ದೆ. ಅದಕ್ಕಿಂತ ನನ್ನನ್ನು ಕುಗ್ಗಿಸಿದ್ದು ಅವರು 'ಅಂದ್ರಿ' ಎಂದದ್ದು. ಅಷ್ಟು ವರ್ಷ ಅವರ ಬಾಯಲ್ಲಿ ನಾನು 'ನೀ' ಆಗಿದ್ದೆ, ಬೇಟಿ ಆಗಿದ್ದೆ.

ಇನ್ನೊಂದು ಫೋಟೋವನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಛತ್ರಿಯ ನೆರಳು ನನ್ನ ಕಾಲ ಬೆರಳ ತನಕ ಬಂದು ನಿಂತಿತ್ತು. ಮೊಟ್ಟೆಗಳು ಅದರಿಂದ ಒಂದು ಗೇಣು ಆಚೆ, ಬಿಸಿಲಲ್ಲಿದ್ದವು. ಡ್ರಾಯರಿನಿಂದ ನೋಟ್‌ಬುಕ್ ತೆಗೆದು, ಆ ಹಾಳೆ ಹುಡುಕಿ, ತಮ್ಮ ಪದದ ಮೇಲೆ ಗೆರೆ ಎಳೆದರು. ಪೆನ್ನನ್ನು ನನ್ನ ಮುಂದಿಟ್ಟರು. ಏನು ಬರೆಯಬೇಕೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು, ತಾಸು ಸರಿಯಾಗಿ ಬರೆದು, ಸಹಿ ಹಾಕಿದೆ.

ಮರುದಿನ ಅವರೇ ಅಕ್ಕನಿಗೆ ಫೋನು ಮಾಡಿ ಮಾಫಿ ಕೇಳಿದರು ಎಂದು ಆಮೇಲೆ ತಿಳಿಯಿತು. ನನ್ನ ತಪ್ಪಿಗೆ ಆ ವಯಸ್ಸಿನವರು ಮಾಫಿ ಕೇಳಬೇಕಾಯಿತು.

ಆ ಬೇಸಿಗೆ ದಿಬ್ಬದ ಮೇಲೆ ಎರಡೇ ಗೂಡು ಆದವು. ಈ ವರ್ಷ ಐದು ಇದ್ದವು. ಎಣಿಸುವುದು ಚಾಚಾ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ನೋಟ್‌ಬುಕ್ ನನ್ನ ಕೈಗೆ ಮತ್ತೆ ಬಂದಿಲ್ಲ. ಅವರು ಒಮ್ಮೊಮ್ಮೆ 'ನೀ' ಎನ್ನುತ್ತಾರೆ, ಒಮ್ಮೊಮ್ಮೆ ನೆನಪಾದವರಂತೆ 'ನೀವು' ಎನ್ನುತ್ತಾರೆ.

ನಾಯಿಯನ್ನು ತಂದುಕೊಡಬೇಕೆಂದು ನನಗೆ ಬಹಳ ದಿನ ಅನಿಸುತ್ತಿತ್ತು. ಹೋದ ಜನವರಿಯಲ್ಲಿ ಕಮಲಾಪುರದ ಆಚೆ ಕುರಿಹಿಂಡು ಇಳಿದಿದೆ ಎಂದು ಕೇಳಿ, ಶಾಲೆಗೆ ರಜೆ ಹಾಕಿ ಹೋದೆ. ಜೋಳದ ಕೂಳೆಯ ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಬದುವಿನ ಮೇಲೆ ಅದೇ ಕಂದು ನಾಯಿ ಮಲಗಿತ್ತು. ಒಂದು ಕಿವಿ ಹರಿದಿತ್ತು. ನಾನು ಹತ್ತಿರ ಹೋದಾಗ ಎದ್ದು ಬೊಗಳಿತು. ಹಿಂಗಾಲು ಎತ್ತಿ ಮೂರು ಕಾಲಲ್ಲೇ ನಿಂತಿತ್ತು.

ಕಂಬಳಿ ಹೊದ್ದ ಕುರುಬ ಬಂದು, "ತ್ವಾಳ ಹಿಡದಿತ್ತ್ರಿ ಹೋದ ವರ್ಷ. ಗಟ್ಟಿ ಅದ, ಬದುಕ್ತು" ಎಂದ.

"ಮೊದಲ ಮಾಲಕಿಗಿ ಒಯ್ದು ಕೊಡಬೇಕಂತೀನಿ."

"ಇಲ್ರೀ ಯವ್ವಾ. ಈಗ ಇದು ಕುರೀ ನಾಯಿ. ಹಿಂಡು ಬಿಟ್ಟು ಇರಂಗಿಲ್ಲ. ಒಯ್ದ್ರೂ ಓಡಿ ಬರ್ತದ."

ಮುಂದಿನ ಭಾನುವಾರ ಅಕ್ಕನಿಗೆ ಹೇಳಿದೆ. ಅವಳು ತೆಪ್ಪದ ನೀರು ಗೋರುತ್ತಿದ್ದಳು. ಗೋರುವುದನ್ನು ನಿಲ್ಲಿಸಿ ಕೇಳಿದಳು, "ಹೆಂಗ ಅದ್ರಿ? ಚೊಲೋ ಅದೇನು?"

ಚೆನ್ನಾಗಿದೆ ಎನ್ನುವುದು ಸುಲಭವಿತ್ತು. ಅವಳಿಗೂ ಬಹುಶಃ ಅದೇ ಬೇಕಿತ್ತು.

"ಕಾಲು ಊನ ಆಗ್ಯಾದ ಅಕ್ಕಾ. ತ್ವಾಳ ಹಿಡದಿತ್ತಂತ. ಒಂದು ಕಿವಿ ಹರದದ."

ಅವಳು ತೆಪ್ಪದ ಅಂಚು ಹಿಡಿದು ನಿಂತಳು. ಆಮೇಲೆ ಇನ್ನೊಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಆ ಕಡಿ ನೀರು ನೀವು ಗೋರ್ರಿ" ಎಂದಳು. ಇಬ್ಬರೂ ತೆಪ್ಪ ಬರಿದಾಗುವ ತನಕ ಗೋರಿದೆವು.